ಅನುಭವವನ್ನು ಗಳಿಸಬಹುದು, ಖರೀದಿಸಲಾಗದು



ಪದವಿ ಮುಗಿದು ಎರಡು ವರ್ಷ ಕಳೆದರೂ ಉದ್ಯೋಗ ಸಿಗದ ಮಗ ಅಥವಾ ಮಗಳಿರುವ ಮನೆಗಳು ಇಂದು ನಮ್ಮ ಪ್ರತಿಯೊಂದು ಪಟ್ಟಣದಲ್ಲೂ ಇವೆ. ಬಿ.ಸಿ.ಎ. ಆಗಿದೆ, ಬಿ.ಇ. ಆಗಿದೆ, ಅದರ ಮೇಲೊಂದು ಕಂಪ್ಯೂಟರ್ ಕೋರ್ಸೂ ಆಗಿದೆ. ಆದರೆ ಐ.ಟಿ. ಕಂಪೆನಿಗಳಿಗೆ ಅರ್ಜಿ ಹಾಕಿದಲ್ಲೆಲ್ಲ ಎದುರಾಗುವುದು ಒಂದೇ ಪ್ರಶ್ನೆ: ‘ಅನುಭವ ಎಷ್ಟು?’ ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಈ ಸುಳಿಯಲ್ಲಿ ಸಿಲುಕಿದ ಯುವಕನ ಕಣ್ಣ ಮುಂದೆಯೇ, ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯ ಬೆಂಗಳೂರಿನಲ್ಲಿ ಒಂದು ಬಡ್ತಿಯನ್ನೂ ಪಡೆದಿರುತ್ತಾನೆ. ಮದುವೆ ಮನೆಗೆ ಹೋದರೆ ‘ಈಗ ಎಲ್ಲಿದ್ದೀ, ಏನು ಮಾಡುತ್ತಿದ್ದೀ’ ಎಂಬ ವಿಚಾರಣೆ. ಕೊನೆಗೆ ಆತ ಮದುವೆ ಮನೆಗೆ ಹೋಗುವುದನ್ನೇ ನಿಲ್ಲಿಸುತ್ತಾನೆ.

ಇದು ಆತನೊಬ್ಬನ ಸಮಸ್ಯೆಯೆಂದು ಕೈ ತೊಳೆದುಕೊಳ್ಳಲು ನಮಗೆ ಸಾಧ್ಯವಿಲ್ಲ. ಏಕೆಂದರೆ ಇಂಥ ಹತಾಶೆಯನ್ನೇ ಬಂಡವಾಳ ಮಾಡಿಕೊಂಡ ಒಂದು ವ್ಯಾಪಾರ ಹುಟ್ಟಿಕೊಂಡಿದೆ. ಅದು ಯುವಕರಿಗೆ ಅನುಭವವನ್ನು ಮಾರುತ್ತದೆ. ಇಂದು ನಾವು ಈ ವೇದಿಕೆಯಿಂದ ಹೇಳಬಯಸುವುದು ಮುಖ್ಯವಾಗಿ ಒಂದೇ ಸಂಗತಿ: ಅನುಭವವೆಂದರೆ ತೋರಿಸಬಹುದಾದ ಕೆಲಸ. ಅದನ್ನು ನೌಕರಿ ಸಿಗುವ ಮೊದಲೇ ಗಳಿಸಬಹುದು. ಆದರೆ ಖರೀದಿಸಲು ಸಾಧ್ಯವಿಲ್ಲ.

ಮೊದಲು, ಈ ಬಾಗಿಲು ಏಕೆ ಇಷ್ಟು ಕಿರಿದಾಗಿದೆ ಎಂಬುದನ್ನು ಅರ್ಥ ಮಾಡಿಕೊಳ್ಳೋಣ. ನಮ್ಮ ದೇಶದ ದೊಡ್ಡ ಐ.ಟಿ. ಕಂಪೆನಿಗಳಲ್ಲಿ ಹೆಚ್ಚಿನವು ವಿದೇಶಿ ಗ್ರಾಹಕರಿಗಾಗಿ ಕೆಲಸ ಮಾಡುವ ಸೇವಾ ಕಂಪೆನಿಗಳು. ಎಷ್ಟು ಮಂದಿ, ಎಷ್ಟು ಕಾಲ ದುಡಿದರು ಎಂಬ ಲೆಕ್ಕದಲ್ಲಿ ಗ್ರಾಹಕ ಹಣ ಕೊಡುವುದು ಇಲ್ಲಿ ಬಹುಕಾಲದ ರೂಢಿ. ಹೊಸಬನಿಗೆ ತಿಂಗಳುಗಟ್ಟಲೆ ತರಬೇತಿ ನೀಡಬೇಕು. ಆ ಅವಧಿಯ ಸಂಬಳವನ್ನು ಯಾವ ಗ್ರಾಹಕನೂ ಭರಿಸುವುದಿಲ್ಲ. ಹಾಗಾಗಿ ಹೊಸಬರು ಬೇಕಾದಾಗ ಕಂಪೆನಿಗಳು ಆಯ್ದ ಕಾಲೇಜುಗಳಿಗೆ ಹೋಗಿ ಒಮ್ಮೆಲೇ ನೂರಾರು ಮಂದಿಯನ್ನು ಆರಿಸಿಕೊಳ್ಳುತ್ತವೆ. 2005ರಲ್ಲಿ ಮೈಸೂರಿನಲ್ಲಿ ಆರಂಭವಾದ ಇನ್ಫೋಸಿಸ್‌ನ ಬೃಹತ್ ತರಬೇತಿ ಕೇಂದ್ರವು ಇಂಥ ವ್ಯವಸ್ಥೆಯ ಭಾಗವೇ ಆಗಿದೆ. ಆ ಕಾಲೇಜುಗಳ ಪಟ್ಟಿಯಲ್ಲಿ ಸಣ್ಣ ಪಟ್ಟಣದ ಕಾಲೇಜು ಇರುವುದು ಅಪರೂಪ. ಹೊರಗಿನಿಂದ ಅರ್ಜಿ ಹಾಕುವವರನ್ನು ತೇರ್ಗಡೆಯಾದ ವರ್ಷ, ಶೇಕಡಾವಾರು ಅಂಕ, ಅನುಭವ ಮುಂತಾದ ಜರಡಿಗಳಲ್ಲಿ ಸೋಸಲಾಗುತ್ತದೆ. ಎಷ್ಟೋ ಅರ್ಜಿಗಳನ್ನು ಮನುಷ್ಯರ ಕಣ್ಣು ನೋಡುವುದೇ ಇಲ್ಲ.

ಎರಡನೆಯದಾಗಿ, ಈ ಬಾಗಿಲು ಎಲ್ಲ ವರ್ಷಗಳಲ್ಲೂ ಒಂದೇ ಅಳತೆಯಲ್ಲಿ ತೆರೆದಿರುವುದಿಲ್ಲ. 2001ರ ಸುಮಾರಿಗೆ ಡಾಟ್‌ಕಾಮ್ ಕುಸಿತದಿಂದಾಗಿ ಅದು ಮುಚ್ಚಿಕೊಂಡಿತ್ತು. 2008ರ ಜಾಗತಿಕ ಆರ್ಥಿಕ ಬಿಕ್ಕಟ್ಟಿನಲ್ಲಿ ಮತ್ತೆ ಮುಚ್ಚಿಕೊಂಡಿತು. ಕೊರೋನ ಕಾಲದಲ್ಲಿ ಜಗತ್ತೆಲ್ಲ ಕಂಪ್ಯೂಟರ್‌ನ ಮುಂದೆ ಕುಳಿತಾಗ ಏಕಾಏಕಿ ಅಗಲವಾಗಿ ತೆರೆಯಿತು. 2021-22ರ ಹಣಕಾಸು ವರ್ಷವೊಂದರಲ್ಲೇ ಟಿ.ಸಿ.ಎಸ್. ಸುಮಾರು ಒಂದು ಲಕ್ಷ ಹೊಸಬರನ್ನೂ ಇನ್ಫೋಸಿಸ್ ಸುಮಾರು 85,000 ಹೊಸಬರನ್ನೂ ಸೇರಿಸಿಕೊಂಡವು. ಎರಡೇ ವರ್ಷಗಳ ಬಳಿಕ, 2023-24ರಲ್ಲಿ, ಟಿ.ಸಿ.ಎಸ್., ಇನ್ಫೋಸಿಸ್ ಮತ್ತು ವಿಪ್ರೋ ಈ ಮೂರೂ ಕಂಪೆನಿಗಳ ಒಟ್ಟು ಸಿಬ್ಬಂದಿ ಸಂಖ್ಯೆ ಸುಮಾರು 64,000ದಷ್ಟು ಇಳಿಯಿತು. 2022ರಲ್ಲಿ ಆಯ್ಕೆಯಾಗಿದ್ದ ಎಷ್ಟೋ ಪದವೀಧರರು ಕೆಲಸಕ್ಕೆ ಸೇರಲು 2024ರವರೆಗೆ ಕಾಯಬೇಕಾಯಿತು.

ಈಗ ಹೇಳಿ, 2021ರಲ್ಲಿ ತೇರ್ಗಡೆಯಾದ ಅಣ್ಣನನ್ನೂ 2023ರಲ್ಲಿ ತೇರ್ಗಡೆಯಾದ ತಮ್ಮನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಅಣ್ಣ ಬಸ್ ನಿಲ್ದಾಣಕ್ಕೆ ಬಂದಾಗ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ತಮ್ಮ ಬರುವ ಹೊತ್ತಿಗೆ ನಿಲ್ದಾಣ ಖಾಲಿಯಾಗಿತ್ತು. ತಮ್ಮ ನಡೆದೇ ಹೋಗಬೇಕಾಗಿ ಬಂದರೆ ಅದನ್ನು ಸೋಮಾರಿತನವೆಂದು ಕರೆಯುವುದು ಅನ್ಯಾಯ. ಅಷ್ಟೇ ಅಲ್ಲ, ಬಸ್ಸು ಹತ್ತಿದವರೆಲ್ಲ ಸುರಕ್ಷಿತರು ಎಂದೂ ಹೇಳುವಂತಿಲ್ಲ. 2025ರ ಜುಲೈಯಲ್ಲಿ ಟಿ.ಸಿ.ಎಸ್. ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟನ್ನು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹುದ್ದೆಗಳಲ್ಲಿದ್ದವರು. ಮುಂದೆ ಹೋದವರನ್ನು ಕಂಡು ಕರುಬುವುದಕ್ಕೂ ಹಿಂದೆ ಉಳಿದವರನ್ನು ಕಂಡು ಮೂಗು ಮುರಿಯುವುದಕ್ಕೂ ಇಲ್ಲಿ ಕಾರಣವಿಲ್ಲ.

ಹಾಗೆಂದು, ಎಲ್ಲವನ್ನೂ ಮಾರುಕಟ್ಟೆಯ ತಲೆಗೆ ಕಟ್ಟಿ ಮನೆಯಲ್ಲಿ ಕುಳಿತರೆ ಆಗುತ್ತದೆಯೇ? ಖಂಡಿತ ಇಲ್ಲ. ಕಂಪೆನಿ ‘ಅನುಭವ’ ಎಂದು ಕೇಳುವಾಗ ನಿಜವಾಗಿ ಕೇಳುತ್ತಿರುವುದು ಏನನ್ನು? ಈ ವ್ಯಕ್ತಿಗೆ ಒಂದು ಕೆಲಸ ಒಪ್ಪಿಸಿದರೆ ಮುಗಿಸಿ ಕೊಡುತ್ತಾನೆಯೇ, ಎಡವಿದಾಗ ಎಲ್ಲಿ ಎಡವಿದೆನೆಂದು ಹುಡುಕಬಲ್ಲನೇ, ಇತರರೊಂದಿಗೆ ಸೇರಿ ದುಡಿಯಬಲ್ಲನೇ ಎಂಬುದನ್ನು. ವರ್ಷಗಳ ಲೆಕ್ಕ ಅದಕ್ಕೊಂದು ಅಂದಾಜು ಮಾತ್ರ.

ಇದು ನಮ್ಮ ಮನೆಗಳಿಗೆ ಹೊಸ ಪಾಠವೇನಲ್ಲ. ಗಲ್ಫ್‌ಗೆ ಹೋದ ನಮ್ಮ ಹಿಂದಿನ ತಲೆಮಾರಿನ ಮೆಕ್ಯಾನಿಕ್‌ಗಳು, ಬಡಗಿಗಳು, ದರ್ಜಿಗಳು ಎಲ್ಲಿ ಅನುಭವ ಪಡೆದರು? ಊರಿನ ಗ್ಯಾರೇಜಿನಲ್ಲಿ ಒಬ್ಬ ಉಸ್ತಾದನ ಕೈಕೆಳಗೆ ಸ್ಪಾನರ್ ಎತ್ತಿಕೊಡುತ್ತಾ, ಅಂಗಡಿಯ ಮೂಲೆಯಲ್ಲಿ ಗುಂಡಿ ಹೊಲಿಯುತ್ತಾ ಕಲಿತರು. ದರ್ಜಿಯ ಬಳಿ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಆತ ಹೊಲಿದ ಅಂಗಿಯನ್ನು ನೋಡುತ್ತಾರೆ. ಐ.ಟಿ. ಕ್ಷೇತ್ರದಲ್ಲಿ ಆ ‘ಅಂಗಿ’ಯನ್ನು ಹೊಲಿದು ತೋರಿಸಲು ಇಂದು ಸಾಧ್ಯವಿದೆ. ಒಂದು ಕಂಪ್ಯೂಟರ್, ಇಂಟರ್ನೆಟ್ ಮತ್ತು ನಿಯಮಿತ ಸಮಯ ಇದ್ದರೆ ಸಾಕು.

ಹೇಗೆ? ನಮ್ಮ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಏನೆಂಬುದು ಇಲ್ಲಿರುವ ಯುವಕರಿಗೆ ಚೆನ್ನಾಗಿ ಗೊತ್ತು. ಹಲವೆಡೆ ಅದು ಹಣ ಕೊಟ್ಟು ತಂದ, ವರ್ಷ ವರ್ಷವೂ ಹೆಸರು ಬದಲಾಗುವ ‘ಗ್ರಂಥಾಲಯ ನಿರ್ವಹಣೆ’ಯ ತಂತ್ರಾಂಶ. ಸಂದರ್ಶನದಲ್ಲಿ ಅದರ ಬಗ್ಗೆ ಎರಡನೇ ಪ್ರಶ್ನೆ ಬಂದೊಡನೆ ಬಾಯಿ ಕಟ್ಟುತ್ತದೆ. ಅದರ ಬದಲು ನಿಮ್ಮ ಬೀದಿಯ ಔಷಧದಂಗಡಿಗೆ ಹೋಗಿ. ಅವಧಿ ಮುಗಿಯುತ್ತಿರುವ ಔಷಧಗಳ ಪಟ್ಟಿಯನ್ನು ಆತ ಹೇಗೆ ಇಟ್ಟುಕೊಂಡಿದ್ದಾನೆಂದು ಕೇಳಿ. ಹತ್ತಿರದ ಶಾಲೆಯ ಶುಲ್ಕದ ಲೆಕ್ಕವನ್ನು ನೋಡಿ. ಅವರ ಒಂದೇ ಒಂದು ತೊಂದರೆಯನ್ನು ನೀಗಿಸುವ ಸಣ್ಣ ತಂತ್ರಾಂಶವನ್ನು ಸ್ವಂತವಾಗಿ ಬರೆಯಿರಿ. ಮೂರು ತಿಂಗಳು ಅವರು ಅದನ್ನು ಬಳಸಲಿ. ಮೊದಲ ವಾರದಲ್ಲೇ ಅದು ಕೆಟ್ಟು ನಿಲ್ಲುತ್ತದೆ. ಒಂದೇ ಔಷಧಕ್ಕೆ ಎರಡು ಹೆಸರು ದಾಖಲಾಗಿರುತ್ತದೆ, ದಿನಾಂಕ ತಲೆಕೆಳಗಾಗಿರುತ್ತದೆ, ಕರೆಂಟು ಹೋದಾಗ ಅರ್ಧ ಲೆಕ್ಕ ಮಾಯವಾಗಿರುತ್ತದೆ. ಅದನ್ನು ಸರಿಪಡಿಸುವ ಹೊತ್ತಿಗೆ ನೀವು ಕಲಿಯುವುದೇ ಅನುಭವ. ಯಾವ ದಿನ ಏನು ಬದಲಿಸಿದಿರಿ, ಏಕೆ ಬದಲಿಸಿದಿರಿ ಎಂಬುದೆಲ್ಲವನ್ನೂ ಗಿಟ್‌ಹಬ್‌ನಂತಹ ತಾಣದಲ್ಲಿ ದಾಖಲಿಸಿಡಿ. ಅಂಗಡಿಯವನ ಗ್ರಾಹಕರ ಹೆಸರು, ಫೋನ್ ನಂಬರುಗಳು ಅಲ್ಲಿ ಸೇರದಂತೆ ಎಚ್ಚರ ವಹಿಸಿ. ಸಂದರ್ಶಕನಿಗೆ ತೋರಿಸಲು ಈಗ ನಿಮ್ಮ ಬಳಿ ಒಂದು ವಸ್ತುವಿದೆ, ಹೇಳಲು ನಿಮ್ಮದೇ ಆದ ವಿವರಣೆಯಿದೆ.

ಐ.ಟಿ. ಎಂದರೆ ಪ್ರೋಗ್ರಾಮ್ ಬರೆಯುವುದು ಮಾತ್ರವಲ್ಲ ಎಂಬುದನ್ನೂ ನಾವು ತಿಳಿದಿರಬೇಕು. ತಂತ್ರಾಂಶವನ್ನು ಪರೀಕ್ಷಿಸುವವರು, ಬಳಕೆದಾರರ ತೊಂದರೆಗಳನ್ನು ಪರಿಹರಿಸುವವರು, ಜಾಲವನ್ನು ನಿರ್ವಹಿಸುವವರು, ಕೈಪಿಡಿ ಬರೆಯುವವರು, ಭಾಷಾಂತರಿಸುವವರು ಎಲ್ಲರೂ ಅಲ್ಲಿದ್ದಾರೆ. ಫೈರ್‌ಫಾಕ್ಸ್ ಕನ್ನಡದಲ್ಲಿ ಲಭ್ಯವಿರುವುದು ಸ್ವಯಂಸೇವಕರ ದುಡಿಮೆಯಿಂದ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ಹೆಸರನ್ನು ನೀವು ಕೇಳಿರಬಹುದು. ಮುದ್ರಣ ಕ್ಷೇತ್ರದಲ್ಲಿ ಅಕ್ಷರ ಜೋಡಣೆಯ ಸಮಸ್ಯೆಗಳೊಂದಿಗೆ ಸೆಣಸಿದ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಇಂದು ಕನ್ನಡ ಟೈಪಿಂಗ್‌ನ ಬುನಾದಿಯಾಗಿದೆ. ಅದನ್ನು ಅವರು ಉಚಿತವಾಗಿಯೇ ಕನ್ನಡಿಗರಿಗೆ ನೀಡಿದರು. ಬೇರೊಂದು ಕ್ಷೇತ್ರದ ತಿಳಿವಳಿಕೆಯನ್ನು ಕಂಪ್ಯೂಟರಿಗೆ ತಂದವರಿಗೆ ಅಲ್ಲಿ ಸ್ಥಾನವಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಬಿ.ಕಾಂ. ಓದಿ ಲೆಕ್ಕಪತ್ರ ಬಲ್ಲವನಿಗೆ ಬ್ಯಾಂಕಿಂಗ್ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ಬೇಗ ಅರ್ಥವಾಗುತ್ತದೆ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ‘ಇನ್ನು ಕಲಿತು ಪ್ರಯೋಜನವಿಲ್ಲ, ಯಂತ್ರವೇ ಬರೆಯುತ್ತದೆ’ ಎಂಬ ಮಾತು ಕೇಳಿಬರುತ್ತಿದೆ. ಹಿಂದೆ ಹೊಸಬರಿಗೆ ಒಪ್ಪಿಸುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಯಂತ್ರ ಮಾಡುತ್ತಿರುವುದು ನಿಜ. ಆದರೆ ಯಂತ್ರ ಬರೆದುದು ಸರಿಯೇ ತಪ್ಪೇ ಎಂದು ಹೇಳಲು ಬಲ್ಲವರು ಬೇಕೇ ಬೇಕು. ಯಂತ್ರದಿಂದ ನಕಲು ಮಾಡಿದವನು ಸಂದರ್ಶನದಲ್ಲಿ ಸಿಕ್ಕಿಬೀಳುತ್ತಾನೆ. ಯಂತ್ರವನ್ನು ಶಿಕ್ಷಕನಂತೆ ಬಳಸಿ ಪ್ರತಿ ಸಾಲಿಗೂ ‘ಏಕೆ’ ಎಂದು ಕೇಳಿದವನು ಮುಂದೆ ಹೋಗುತ್ತಾನೆ.

ಇನ್ನು, ಗೌರವಯುತವಾಗಿ ಒಳ ಹೋಗುವ ಕೆಲವು ದಾರಿಗಳನ್ನು ಹೆತ್ತವರು ತಿಳಿದಿರಬೇಕು. 1961ರ ಅಪ್ರೆಂಟಿಸ್ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. 2014ರ ತಿದ್ದುಪಡಿಯ ಬಳಿಕ ಇಂಜಿನಿಯರಿಂಗೇತರ ಪದವೀಧರರಿಗೂ ಅದರಲ್ಲಿ ಅವಕಾಶವಿದೆ. 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು 2019ರ ನಿಯಮಗಳು ಹೇಳುತ್ತವೆ. ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂ. ಭತ್ಯೆಯನ್ನು ಅದೇ ನಿಯಮಗಳು ನಿಗದಿಪಡಿಸಿದವು. ಕೇಂದ್ರದ ‘ನ್ಯಾಟ್ಸ್’ ತಾಣದಲ್ಲಿ ಹೆಸರು ನೋಂದಾಯಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಬಿ.ಸಿ.ಎ., ಬಿ.ಎಸ್ಸಿ. ಪದವೀಧರರಿಗೆ ಕೆಲಸದೊಂದಿಗೇ ಉನ್ನತ ಪದವಿ ಕೊಡಿಸುವ ಕಾರ್ಯಕ್ರಮವನ್ನು ವಿಪ್ರೋ ಬಹುಕಾಲದಿಂದ ನಡೆಸುತ್ತಾ ಬಂದಿದೆ. ತಮಿಳುನಾಡಿನ ಜೋಹೋ ಕಂಪೆನಿಯು ಪಿ.ಯು.ಸಿ. ಮಟ್ಟದ ವಿದ್ಯಾರ್ಥಿಗಳಿಗೆ ತಾನೇ ತರಬೇತಿ ನೀಡಿ ಕೆಲಸಕ್ಕೆ ಸೇರಿಸಿಕೊಳ್ಳುವ ಶಾಲೆಯನ್ನು 20 ವರ್ಷಗಳಿಗೂ ಹಿಂದೆಯೇ ಆರಂಭಿಸಿತು. ಐ.ಐ.ಟಿ.ಗಳ ಪಾಠಗಳನ್ನು ಎನ್.ಪಿ.ಟಿ.ಇ.ಎಲ್. ಮೂಲಕ ಉಚಿತವಾಗಿ ಕೇಳಬಹುದು. ಪರೀಕ್ಷೆ ಬರೆಯಲಿಚ್ಛಿಸುವವರು ಮಾತ್ರ ಶುಲ್ಕ ಕಟ್ಟಬೇಕು. ಮದುವೆ, ಮಕ್ಕಳು ಎಂದು ಕೆಲಸ ಬಿಟ್ಟ ಮಹಿಳೆಯರಿಗಾಗಿ ಟಾಟಾ ಸಮೂಹವು 2008ರಲ್ಲೇ ಮರುಪ್ರವೇಶದ ಯೋಜನೆಯೊಂದನ್ನು ಆರಂಭಿಸಿತ್ತು. ಬಳಿಕ ಇತರ ಕಂಪೆನಿಗಳೂ ಅಂಥ ಯೋಜನೆಗಳನ್ನು ತಂದವು. ನಮ್ಮ ಹೆಣ್ಣು ಮಕ್ಕಳ ಪದವಿ ಪತ್ರ ಕಪಾಟಿನಲ್ಲಿ ಹಳದಿಯಾಗಬೇಕಾದ ಅನಿವಾರ್ಯತೆಯಿಲ್ಲ.

ಈ ಮಾತನ್ನು ಹೇಳುವಾಗ ಸರಕಾರ ಮತ್ತು ಕಂಪೆನಿಗಳ ಹೊಣೆಯನ್ನೂ ನಾವು ನೆನಪಿಸಲೇಬೇಕು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ 2011ರ ಮಾರ್ಚ್‌ವರೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ನೀಡಲಾಗಿತ್ತು. ಅದು ಈ ದೇಶದ ಜನರು ಬಿಟ್ಟುಕೊಟ್ಟ ಹಣ. ಹೀಗೆ ಬೆಳೆದ ಉದ್ಯಮವು ಹೊಸಬರ ಹುದ್ದೆಗೂ ಎರಡು ವರ್ಷಗಳ ಅನುಭವ ಕೇಳಿದರೆ ಆ ಅನುಭವವನ್ನು ಕೊಡುವವರು ಯಾರು? ಕರ್ನಾಟಕ ಸರಕಾರವು 2023ರ ಡಿಸೆಂಬರ್‌ನಲ್ಲಿ ಯುವನಿಧಿ ಯೋಜನೆಯ ನೋಂದಣಿ ಆರಂಭಿಸಿ, ಪದವಿ ಪಡೆದು 180 ದಿನ ಕಳೆದರೂ ಕೆಲಸ ಸಿಗದವರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂ. ನೀಡುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಯುವಕನಿಗೆ ಭತ್ಯೆಗಿಂತ ಮುಖ್ಯವಾಗಿ ಬೇಕಾಗಿರುವುದು ಕೆಲಸ ಕಲಿಯುವ ಜಾಗ. ಅಪ್ರೆಂಟಿಸ್ ಕಾಯ್ದೆಯನ್ನು ಪ್ರಾಮಾಣಿಕವಾಗಿ ಜಾರಿಗೊಳಿಸಿದರೆ ಆ ಜಾಗ ದೊರೆಯುತ್ತದೆ. ಇದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಈಗ ಆ ವ್ಯಾಪಾರದ ವಿಷಯಕ್ಕೆ ಬರೋಣ. ‘ಎರಡು ವರ್ಷದ ಅನುಭವ ಪತ್ರ ಕೊಡುತ್ತೇವೆ, ಸಂಬಳದ ಚೀಟಿಯೂ ಇರುತ್ತದೆ, ಸಂದರ್ಶನದಲ್ಲಿ ನಾವೇ ನೆರವಾಗುತ್ತೇವೆ’ ಎನ್ನುವವರು ಇದ್ದಾರೆ. ‘ಎಲ್ಲರೂ ಮಾಡುತ್ತಾರೆ, ಕಂಪೆನಿಯೇ ಅನ್ಯಾಯದ ಷರತ್ತು ಹಾಕಿರುವಾಗ ನಾವೇಕೆ ಸತ್ಯ ಹೇಳಬೇಕು?’ ಎಂಬ ವಾದವೂ ಸಿದ್ಧವಾಗಿದೆ. ಈ ವಾದ ಕೇಳಲು ಹಿತವಾಗಿರುತ್ತದೆ. ಆದರೆ ಆ ಪತ್ರ ನಿಮ್ಮನ್ನು ಕೂರಿಸುವುದು ನಿಜವಾಗಿ ಎರಡು ವರ್ಷ ದುಡಿದವನ ಕುರ್ಚಿಯಲ್ಲಿ. ಮೊದಲ ದಿನವೇ ನಿಮಗೆ ತಿಳಿಯದ ಕೆಲಸ ಮೇಜಿನ ಮೇಲೆ ಬರುತ್ತದೆ. ಯಾರನ್ನಾದರೂ ಕೇಳೋಣವೆಂದರೆ ಸುಳ್ಳು ಬಯಲಾಗುವ ಭಯ. ಕಲಿಯಬೇಕಾದ ವಯಸ್ಸಿನಲ್ಲಿ ಕೇಳುವ ಸ್ವಾತಂತ್ರ್ಯವನ್ನೇ ಕಳೆದುಕೊಂಡವನು ಕಲಿಯುವುದು ಹೇಗೆ? ಇನ್ನು, ಅದೇ ಹುದ್ದೆಗೆ ಪ್ರಾಮಾಣಿಕವಾಗಿ ಅರ್ಜಿ ಹಾಕಿದ ಇನ್ನೊಬ್ಬನ ಪಾಲನ್ನು ಕಸಿದುಕೊಂಡ ಹೊರೆ ಬೇರೆ.

ಸಿಕ್ಕಿಬೀಳುವುದಿಲ್ಲ ಎಂಬ ಭರವಸೆಗೂ ಅರ್ಥವಿಲ್ಲ. 2014ರಿಂದ ಭವಿಷ್ಯನಿಧಿಗೆ ಪ್ರತಿಯೊಬ್ಬ ಚಂದಾದಾರನಿಗೂ ಒಂದೇ ಖಾಯಂ ಸಂಖ್ಯೆ ಇದೆ. ಯಾವ ಸಂಸ್ಥೆಯಲ್ಲಿ ಎಂದಿನಿಂದ ಎಂದಿನವರೆಗೆ ದುಡಿದಿರಿ ಎಂಬುದು ಅದರಲ್ಲಿ ಕಾಣುತ್ತದೆ. ನಾಸ್ಕಾಮ್ 2006ರಲ್ಲೇ ಐ.ಟಿ. ಉದ್ಯೋಗಿಗಳ ಮಾಹಿತಿ ದಾಖಲಿಸುವ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತ್ತು. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್‌ನ ಭಾರತ ವಿಭಾಗವು, ನಕಲಿ ಕಂಪೆನಿಗಳ ಅನುಭವ ಪತ್ರ ತೋರಿಸಿ ಕೆಲಸ ಪಡೆದವರನ್ನು ಪತ್ತೆ ಹಚ್ಚಿ ಹೊರಗೆ ಕಳುಹಿಸಿದ್ದಾಗಿ ಬಹಿರಂಗವಾಗಿಯೇ ಹೇಳಿತು. ಅಂದು ಹೊರಬಿದ್ದವರ ಬಳಿ ಕೆಲಸವೂ ಉಳಿಯಲಿಲ್ಲ, ತೋರಿಸಲು ಮುಖವೂ ಉಳಿಯಲಿಲ್ಲ. ಪತ್ರ ಮಾರಿದವನು ಮಾತ್ರ ಹಣ ಎಣಿಸಿಕೊಂಡಿದ್ದ.

ಇದಕ್ಕಿಂತಲೂ ಭಯಾನಕವಾದ ಇನ್ನೊಂದು ಜಾಲವಿದೆ. ವಿದೇಶದ ಹೆಸರು ಕೇಳಿದೊಡನೆ ಪಾಸ್‌ಪೋರ್ಟ್ ಹೊರತೆಗೆಯುವ ನಮ್ಮ ಮನೆಗಳು ಇದನ್ನು ಗಮನವಿಟ್ಟು ಕೇಳಬೇಕು. ಥೈಲ್ಯಾಂಡಿನಲ್ಲಿ ‘ಡಿಜಿಟಲ್ ಮಾರ್ಕೆಟಿಂಗ್’ ಕೆಲಸವೆಂದು ಆಸೆ ತೋರಿಸಿ, ಕಂಪ್ಯೂಟರ್ ಬಲ್ಲ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಸಾಗಿಸಿ, ಅಲ್ಲಿ ಒತ್ತೆಯಾಳುಗಳಂತೆ ಇರಿಸಿಕೊಂಡು ಆನ್‌ಲೈನ್ ವಂಚನೆ ಮಾಡಿಸುವ ದಂಧೆಯ ಬಗ್ಗೆ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅನುಭವ ಬೇಡ, ಸಂದರ್ಶನ ಬೇಡ, ಸಂಬಳ ಲಕ್ಷ, ನಾಳೆಯೇ ವಿಮಾನ ಎಂದು ಯಾರಾದರೂ ಹೇಳಿದರೆ ಮನೆಯ ಹಿರಿಯರು ಅಲ್ಲಿಯೇ ತಡೆಯಬೇಕು. ಏಜೆಂಟನು ಸರಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಂದಾಯಿತನೇ ಎಂದು ನೋಡಬೇಕು. ನೋಂದಾಯಿತ ಏಜೆಂಟನೂ ಸೇವಾ ಶುಲ್ಕವಾಗಿ 30,000 ರೂ. ಮತ್ತು ಜಿ.ಎಸ್.ಟಿ.ಗಿಂತ ಹೆಚ್ಚು ಪಡೆಯುವಂತಿಲ್ಲ. ಅಂತೆಯೇ, ಕೆಲಸ ಕೊಡುವ ಮುನ್ನ ‘ಠೇವಣಿ’ ಕೇಳುವ ಕಂಪೆನಿ ಬೆಂಗಳೂರಿನಲ್ಲಿದ್ದರೂ ಅದರ ಮೆಟ್ಟಿಲು ಹತ್ತಬಾರದು.

ಹೆತ್ತವರೇ, ಮಗ ಇಂಥವರ ಬಲೆಗೆ ಬೀಳುವುದು ದುರಾಸೆಯಿಂದಲೇ ಎಂದು ಭಾವಿಸಬೇಡಿ. ಹೆಚ್ಚಿನ ಸಂದರ್ಭಗಳಲ್ಲಿ ಅವನನ್ನು ಅತ್ತ ತಳ್ಳುವುದು ಊಟದ ತಟ್ಟೆಯ ಮುಂದೆ ಕೇಳಿದ ಒಂದು ಹೋಲಿಕೆಯ ಮಾತು. ಆದ್ದರಿಂದ ನಮ್ಮ ವಿನಂತಿ ಇಷ್ಟು. ಮನೆಯವರೆಲ್ಲ ಕುಳಿತು ಒಂದು ಅವಧಿಯನ್ನು ಗೊತ್ತುಪಡಿಸಿ, ಒಂದು ವರ್ಷ ಎನ್ನೋಣ. ಆ ವರ್ಷದಲ್ಲಿ ಯಾವ ಒಂದು ವಿಷಯವನ್ನು ಕಲಿಯಬೇಕು, ಯಾವ ಕೆಲಸವನ್ನು ಮಾಡಿ ತೋರಿಸಬೇಕು ಎಂದು ಬರೆದಿಡಿ. ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ. ‘ಕೆಲಸ ಸಿಕ್ಕಿತೇ?’ ಎಂದು ದಿನವೂ ಕೇಳುವ ಬದಲು ‘ಈ ವಾರ ಏನು ಮಾಡಿದೆ, ತೋರಿಸು’ ಎಂದು ಕೇಳಿ. ಊರಲ್ಲೇ ಅರ್ಧ ದಿನದ ದುಡಿಮೆ ಮಾಡುತ್ತಾ ಕಲಿಯುವುದಾದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ‘ಖಚಿತ ಉದ್ಯೋಗ’ದ ಕೋರ್ಸಿಗಾಗಿ ಒಡವೆ ಅಡವಿಡಬೇಡಿ. ಅವಧಿ ಮುಗಿದರೂ ಬಾಗಿಲು ತೆರೆಯದಿದ್ದರೆ ಬೇರೆ ದಾರಿ ಹಿಡಿಯುವುದು ಸೋಲಲ್ಲ. ಕಲಿತ ವಿದ್ಯೆ ಲೆಕ್ಕಪತ್ರದ ಕಚೇರಿಯಲ್ಲೂ ಆಸ್ಪತ್ರೆಯ ದಾಖಲೆ ವಿಭಾಗದಲ್ಲೂ ತಂದೆಯ ಅಂಗಡಿಯಲ್ಲೂ ಉಪಯೋಗಕ್ಕೆ ಬರುತ್ತದೆ.

ಕೊನೆಯ ಮಾತು, ಈಗಾಗಲೇ ಐ.ಟಿ. ಉದ್ಯೋಗದಲ್ಲಿರುವ ಸಹೋದರ ಸಹೋದರಿಯರಿಗೆ. ಹೆಚ್ಚಿನ ಕಂಪೆನಿಗಳಲ್ಲಿ ಉದ್ಯೋಗಿಗಳೇ ಅರ್ಹರ ಹೆಸರು ಸೂಚಿಸುವ ವ್ಯವಸ್ಥೆಯಿದೆ. ಜರಡಿಯಲ್ಲಿ ಜಾರಿಹೋಗುವ ಅರ್ಜಿಯೊಂದು ಮನುಷ್ಯರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಹೀಗೆಯೇ. ಆಯ್ಕೆ ಹೇಗಿದ್ದರೂ ಪರೀಕ್ಷೆಯ ಮೂಲಕವೇ ನಡೆಯುವುದರಿಂದ ಇದು ವಶೀಲಿಯಾಗುವುದಿಲ್ಲ. ಇತರ ಮನೆಗಳಲ್ಲಿ ಮಾವನೋ ಚಿಕ್ಕಪ್ಪನೋ ಮಾಡುವ ಈ ಉಪಕಾರವನ್ನು ನಮ್ಮ ಪಟ್ಟಣಗಳ ಮೊದಲ ತಲೆಮಾರಿನ ಪದವೀಧರರಿಗೆ ಮಾಡುವವರಿಲ್ಲ. ನೀವು ವಾರಕ್ಕೆ ಒಂದು ಗಂಟೆ ಕೊಡಿ. ಒಬ್ಬನ ಬಯೋಡೇಟಾ ತಿದ್ದಿ, ಒಬ್ಬಳಿಗೆ ಅಣಕು ಸಂದರ್ಶನ ನಡೆಸಿ, ಅವರು ಮಾಡಿದ ಕೆಲಸವನ್ನು ನೋಡಿ ತಪ್ಪು ತೋರಿಸಿ. ಅರ್ಹರೆಂದು ಮನವರಿಕೆಯಾದರೆ ಹೆಸರು ಸೂಚಿಸಿ.

ಈ ಸಭೆ ಮುಗಿದೊಡನೆ ಎದ್ದು ಹೋಗಬೇಡಿ. ಉದ್ಯೋಗದಲ್ಲಿರುವವರು ಬಲಗಡೆಯ ಮೇಜಿನಲ್ಲಿ ತಮ್ಮ ಹೆಸರು ಮತ್ತು ಬಿಡುವಿನ ಸಮಯವನ್ನು ಬರೆಯಿರಿ. ಉದ್ಯೋಗ ಹುಡುಕುತ್ತಿರುವವರು ಎಡಗಡೆಯ ಮೇಜಿನಲ್ಲಿ ತಮಗೆ ಬರುವುದೇನು, ಬಾರದಿರುವುದೇನು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಮುಂದಿನ ಭಾನುವಾರದೊಳಗೆ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರನ್ನು ಗೊತ್ತುಪಡಿಸುವ ಹೊಣೆಯನ್ನು ಸಂಘಟಕರು ವಹಿಸಿಕೊಂಡಿದ್ದಾರೆ.